ಕರ್ಚೀಫು ಹಾಕಿದ ಕುರ್ಚಿಗಳು

ನನ್ನ ಬದುಕಿನ ಮೊದಲ ಸ್ವತಂತ್ರ ಕೆಲಸ ಎಂದರೆ ಒಂದು ಕುರ್ಚಿಯಲ್ಲಿ ಕೂತು ಉಳಿದ ಕುರ್ಚಿಗಳನ್ನು ನೋಡುವುದು. ಅದಕ್ಕೆ ಸಂಬಳ ಬೇರೆ ಕೊಡುತ್ತಿದ್ದರು. ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ, ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ, ನಮ್ಮ ಆರ್ಕಿಟೆಕ್ಟ್ ಆಫೀಸಿತ್ತು. ಇಸವಿ ಎರಡು ಸಾವಿರ ದಾಟಿ ಇನ್ನೂ ಕೆಲವೇ ವರ್ಷ. ಮೊಬೈಲು ಬಾಸಿನ ಹತ್ತಿರ ಮಾತ್ರ ಇತ್ತು. ನಮಗೆಲ್ಲ ಎಸ್‌ಟಿಡಿ ಬೂತೇ ಗತಿ. ಓದು ಮುಗಿಸಿ ಆಗಷ್ಟೇ ಸೇರಿದ್ದ ನನ್ನ ಪಾಲಿಗೆ ಮೊದಲ ದಿನದಿಂದಲೂ ಬಂದದ್ದು ಬಚ್ಚಲು, ಕಕ್ಕಸುಗಳ ಡ್ರಾಯಿಂಗು. ನಲ್ಲಿ ಎಲ್ಲಿ, ನೀರು ಹರಿಯುವ ಇಳಿಜಾರು ಯಾವ ಕಡೆಗೆ, ಬಾಗಿಲು ತೆರೆದರೆ ಬಕೆಟ್ಟಿಗೆ ಬಡಿಯುತ್ತದೋ ಇಲ್ಲವೋ, ಇಷ್ಟೇ ನನ್ನ ಲೋಕ. ಧಾರವಾಡದಿಂದ ಬಂದು ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅಪ್ಪ ಮಾತ್ರ ಟೌನ್‌ಶಿಪ್ಪಿನ ತುಂಬ "ನಮ್ಮ ಮಗಳು ದೊಡ್ಡ ದೊಡ್ಡ ಬಿಲ್ಡಿಂಗ್ ಡಿಸೈನ್ ಮಾಡ್ತಾಳ್ರಿ" ಎಂದು ಹೇಳಿಕೊಂಡು ಬರುತ್ತಿದ್ದರು. ಅವರ ಗೆಳೆಯರು ಎದುರು ಸಿಕ್ಕರೆ ನಾನು ದಾರಿ ಬದಲಿಸುತ್ತಿದ್ದೆ.

ನಮ್ಮ ಬಾಸು ಕೃಷ್ಣಾ ತೀರದವರು, ಬಾಯಿ ತುಂಬ ಮಾತಾಡುವವರು, ಹೊಟ್ಟೆ ತುಂಬ ತಿನ್ನುವವರು. ಅವರ ತೆಲುಗನ್ನು ಇಲ್ಲಿ ನಾನು ಕನ್ನಡ ಮಾಡಿಕೊಂಡು ಬರೆಯುತ್ತಿದ್ದೇನೆ. ಅದರ ಸೊಗಸು ಅರ್ಧ ಹೋಗಿದೆ ಎಂದೇ ತಿಳಿಯಬೇಕು. ಜನ ಜಾಗವನ್ನು ಹೇಗೆ ಬಳಸುತ್ತಾರೆ ಎಂದು ನೋಡದೆ ಗೆರೆ ಎಳೆಯಬಾರದು ಎಂಬುದು ಅವರ ಹಟ. ಒಂದು ಭಾನುವಾರ ಹೊಸಬರನ್ನೆಲ್ಲ ಭೀಮುನಿಪಟ್ಟಣದ ಸಮುದ್ರದಂಡೆಗೆ ಕರೆದುಕೊಂಡು ಹೋಗಿ, "ಜನರನ್ನು ನೋಡಬೇಡಿ, ಚಪ್ಪಲಿ ಎಲ್ಲಿ ಬಿಡುತ್ತಾರೆ ಅದನ್ನು ನೋಡಿ. ಚಪ್ಪಲಿ ಇದ್ದಲ್ಲಿ ಮನುಷ್ಯ" ಎಂದು ಪಾಠ ಮಾಡಿದರು. ಪಾಠ ಮುಗಿಸಿ ಎದ್ದಾಗ ಅವರ ಚಪ್ಪಲಿಯನ್ನೇ ಅಲೆ ಒಯ್ದಿತ್ತು. ಅವರು ಬರಿಗಾಲಲ್ಲೇ ಕಾರು ಓಡಿಸಿಕೊಂಡು ಬಂದರು, ನಾವು ಹಿಂದಿನ ಸೀಟಿನಲ್ಲಿ ದುಪಟ್ಟಾ ಬಾಯಿಗಿಟ್ಟುಕೊಂಡು ಕೂತಿದ್ದೆವು.

ಹೀಗಿರುವಾಗ ವಿಜಯವಾಡದ ಒಂದು ಖಾಸಗಿ ಡಿಗ್ರಿ ಕಾಲೇಜಿನಿಂದ ಕೆಲಸ ಬಂತು. ಕಾಲೇಜು ನಡೆಸುವ ಯಜಮಾನರಿಗೆ ಆ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ. ಅವರಿಗೊಂದು ಚಿಂತೆ: ಲೈಬ್ರರಿಯ ಹಾಲು ಸದಾ ಭರ್ತಿ, ಹುಡುಗರಿಗೆ ಕೂರಲು ಜಾಗವಿಲ್ಲ. ಹಾಲಿನ ಹಿಂದೆ ಉದ್ದಕ್ಕೂ ಒಂದು ಹಳೆಯ ವರಾಂಡ ಸುಮ್ಮನೆ ಬಿದ್ದಿದೆ. ಅದಕ್ಕೆ ಗಾಜು ಹಾಕಿಸಿ, ಹಾಲಿಗೆ ಸೇರಿಸಿ, ಏಸಿ ಇಟ್ಟು, ಕುರ್ಚಿಗಳನ್ನು ತುಂಬಿಸಿಬಿಟ್ಟರೆ ಊರಿನಲ್ಲೇ ಇಲ್ಲದ ಲೈಬ್ರರಿಯಾಗುತ್ತದೆ. ಬಾಸು ಎಲ್ಲಕ್ಕೂ ತಲೆಯಾಡಿಸಿ, "ಮೊದಲು ಒಂದು ವಾರ ನಮ್ಮವರೊಬ್ಬರು ಬಂದು ಕೂತು ನೋಡುತ್ತಾರೆ" ಎಂದರಂತೆ. ಆ ನಮ್ಮವರು ನಾನು. ಉಳಿದವರಿಗೆಲ್ಲ ಕೈತುಂಬ ಕೆಲಸವಿತ್ತು ಎಂಬುದೇ ನನ್ನನ್ನು ಆರಿಸಿದ್ದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ಆಗ ತಿಳಿದಿದ್ದರೂ ನಾನು ಕುಣಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಬೆಳಗಿನ ರೈಲು ಹಿಡಿದೆ. ಸಾಮರ್ಲಕೋಟದಲ್ಲಿ ಸಕ್ಕರೆ ಪಾಕದಲ್ಲಿ ಅದ್ದಿದ ಕಾಜಾ ಕೊಂಡೆ, ಗೋದಾವರಿ ಸೇತುವೆ ಬರುವ ಮೊದಲೇ ಎಲ್ಲ ತಿಂದು ಮುಗಿಸಿದೆ. ಕೈ ಅಂಟಂಟಾಗಿದ್ದರಿಂದ ನದಿಗೆ ಹಾಕಬೇಕೆಂದು ತೆಗೆದ ನಾಣ್ಯ ಬೆರಳಿಗೇ ಅಂಟಿಕೊಂಡು, ಸೇತುವೆ ದಾಟಿದ ಮೇಲೆ ಒಂದು ಹೊಲದಲ್ಲಿ ಬಿತ್ತು. ಎದುರು ಸೀಟಿನ ಅಜ್ಜಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ವಿಜಯವಾಡದಲ್ಲಿ ನಾನು ಉಳಿದುಕೊಂಡದ್ದು ಮೌಶಿಯ ಮನೆಯಲ್ಲಿ. ಮೌಶಿ ಎಂದರೆ ಅಮ್ಮನ ತಂಗಿ. ಒನ್ ಟೌನ್ ಎನ್ನುವ ಹಳೆಯ ಪೇಟೆಯ ಒಬ್ಬ ತೆಲುಗು ವ್ಯಾಪಾರಿಯನ್ನು ಮದುವೆಯಾಗಿ ಅಲ್ಲೇ ನೆಲೆಯಾದವಳು. ಕೆಳಗೆ ಹುಣಸೆಹಣ್ಣು, ಒಣಮೆಣಸಿನಕಾಯಿಗಳ ಸಗಟು ಅಂಗಡಿ, ಮೇಲೆ ಮನೆ. ಮನೆ ಎಂದರೂ ಅಂಗಡಿಯ ಮಾಲು ಮೆಟ್ಟಿಲು ಹತ್ತಿ ಬಂದು ನಡುಮನೆಯಲ್ಲೇ ಕೂತಿರುತ್ತಿತ್ತು. ಮೂಟೆಗಳ ಸಂದಿಯಲ್ಲಿ ಅಡ್ಡಡ್ಡ ನಡೆದು ಅಡುಗೆಮನೆ ಸೇರಬೇಕು, ಅಲ್ಲಿಯವರೆಗೆ ಸೀನಬೇಕು. ತಾರಸಿಯ ಮೇಲೂ ಮೆಣಸಿನಕಾಯಿ ಹರವಿರುತ್ತಿದ್ದರು.

ಮೌಶಿಗೆ ಆಗ ನಲವತ್ತು ಮೀರಿತ್ತು. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದಳು, ಅದೂ ತೆಲುಗು ಮಾಧ್ಯಮದಲ್ಲಿ. ಕನ್ನಡದಲ್ಲಿ ಬರೆಯಲು ಅಲ್ಲಿ ದಾರಿ ಇರಲಿಲ್ಲ, ಇಂಗ್ಲಿಷೆಂದರೆ ಅವಳಿಗೆ ಜ್ವರ ಬರುತ್ತಿತ್ತು. ಎಲ್ಲ ಪಾಸಾಗಿ ಚರಿತ್ರೆಯ ಪತ್ರಿಕೆಯೊಂದು ಉಳಿದಿತ್ತು, ಹಿಂದೆ ಅದರಲ್ಲೇ ಫೇಲಾಗಿದ್ದಳು. ಈ ಸಲವೂ ಹೋದರೆ ಅವಧಿ ಮುಗಿದು, ಪಾಸಾದದ್ದೂ ಲೆಕ್ಕಕ್ಕಿಲ್ಲದೆ ಹೋಗುತ್ತಿತ್ತು. ಬುದ್ಧಿಗೇನೂ ಕಡಿಮೆ ಇರಲಿಲ್ಲ. ಆದರೆ ಅವಳಿಗೆ ನಡೆಯುತ್ತ, ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುತ್ತಿತ್ತು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಮಾಳಿಗೆಯ ಮೇಲೆ ಹಾಗೇ ಓದಿದವಳು. ಇಲ್ಲಿ ನಡೆಯಲು ಜಾಗವಿಲ್ಲ. ಗಟ್ಟಿಯಾಗಿ ಓದಿದರೆ ಅತ್ತೆ ನಗುತ್ತಿದ್ದರು. ಕೆಟ್ಟವರಲ್ಲ ಆಕೆ, ಆದರೆ ಮೌಶಿಯ ಧಾರವಾಡದ ತೆಲುಗು ಕೇಳಿದರೆ ನಗು ತಡೆಯಲಾಗುತ್ತಿರಲಿಲ್ಲ, ಪಕ್ಕದ ಮನೆಯವರನ್ನೂ ಕರೆದು ಕೇಳಿಸುತ್ತಿದ್ದರು. ಹಾಗಾಗಿ ಮೌಶಿ ಒಲೆ ಮುಂದೆ ಪುಸ್ತಕ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಓದುತ್ತಿದ್ದಳು, ಎರಡನೇ ಪುಟಕ್ಕೆ ತೂಕಡಿಸುತ್ತಿದ್ದಳು.

"ಬಾಯಿ ಮುಚ್ಚಿದ್ರ ನನ್ನ ತಲಿನೂ ಮುಚ್ಚತದವಾ" ಎಂದಳು ನಾನು ಹೋದ ದಿನವೇ.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಲೈಬ್ರರಿಯ ಮುಂದೆ ನಿಂತೆ. ಹಾಲಿನ ನಕ್ಷೆ, ಕೆಂಪು ಪೆನ್ಸಿಲು, ಕತ್ತಿನಲ್ಲಿ ಆಫೀಸಿನ ಗುರುತಿನ ಚೀಟಿ. ಯಾರಾದರೂ ಕೂತರೆ ನಕ್ಷೆಯಲ್ಲಿ ಆ ಕುರ್ಚಿಯ ಮೇಲೆ ಕೆಂಪು ಚುಕ್ಕೆ ಇಡುವುದು ನನ್ನ ಕೆಲಸ. ಲೈಬ್ರರಿಯನ್ ಬೀಗ ತೆಗೆದರು. ಅವರು ಬಾಗಿಲಿನಿಂದ ಪಕ್ಕಕ್ಕೆ ಹಾರಿದ್ದು ಯಾಕೆಂದು ನನಗೆ ಆಗ ಗೊತ್ತಾಗಲಿಲ್ಲ. ಹಿಂದಿನಿಂದ ಹುಡುಗ ಹುಡುಗಿಯರ ದಂಡು ನುಗ್ಗಿ ಬಂತು. ಒಬ್ಬ ಕಿಟಕಿಯ ಸರಳಿನೊಳಗೆ ಕೈ ತೂರಿಸಿ, ಒಳಗಿನ ಕುರ್ಚಿಗೆ ಗುರಿಯಿಟ್ಟು ಕರ್ಚೀಫು ಎಸೆದ. ಬಿಳಿ, ನೀಲಿ, ಗೀಟುಗೀಟಿನ ಕರ್ಚೀಫುಗಳು ಹಾಲಿನ ತುಂಬ ಹಾರಾಡಿದವು. ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದನ್ನು ಎಲ್ಲರೂ ನೋಡಿರುತ್ತೀರಿ. ಅದನ್ನು ಒಂದು ವಿದ್ಯಾಸಂಸ್ಥೆಯ ಒಳಗೆ, ಸರಸ್ವತಿಯ ಪಟದ ಕೆಳಗೆ ನೋಡಿದ್ದು ನಾನೊಬ್ಬಳೇ ಇರಬೇಕು. ಕರ್ಚೀಫಿಲ್ಲದವರು ಪೆನ್ನು ಇಟ್ಟರು, ಬಾಚಣಿಗೆ ಇಟ್ಟರು. ಒಬ್ಬಳು ತನ್ನ ಟಿಫಿನ್ ಬಾಕ್ಸಿನ ಮುಚ್ಚಳ ಇಟ್ಟಳು.

ಆಮೇಲೆ ಎಲ್ಲರೂ ಹೊರಟುಹೋದರು.

ನಾನು ಕೆಂಪು ಪೆನ್ಸಿಲು ಹಿಡಿದು ಕಣ್ಣು ಬಾಯಿ ಬಿಟ್ಟುಕೊಂಡು ಕೂತೆ. ಹಾಲು ಭರ್ತಿ, ಒಬ್ಬರೂ ಇಲ್ಲ. ಒಬ್ಬ ಬಡಪಾಯಿ ಫಸ್ಟ್ ಇಯರಿನವನು ನಿಜವಾಗಿಯೂ ಕೂತು ಓದಬೇಕೆಂದು ಬಂದ. ಕರ್ಚೀಫುಗಳನ್ನು ನೋಡುತ್ತ ಸಾಲು ಸಾಲು ಸುತ್ತಿ, "ಖಾಲಿ ಇಲ್ಲವಾ ಮೇಡಂ" ಎಂದು ನನ್ನನ್ನೇ ಕೇಳಿ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಒಂದು ಕರ್ಚೀಫನ್ನು ಎತ್ತಿ ಪಕ್ಕಕ್ಕಿಡುವ ಯೋಚನೆ ಅವನಿಗೂ ಬರಲಿಲ್ಲ, ಲೈಬ್ರರಿಯನ್ನರಿಗೂ ಬರಲಿಲ್ಲ. ಸದ್ದು ಮಾಡಿದವರನ್ನು ಗದರಿಸಲು ಲೈಬ್ರರಿಯನ್ನರ ಮೇಜಿನ ಮೇಲೆ ಒಂದು ಹಿತ್ತಾಳೆ ಗಂಟೆ ಇತ್ತು. ಆ ಖಾಲಿ ಹಾಲಿನಲ್ಲಿ ಅವರು ಆಗಾಗ ಅದನ್ನೂ ಬಾರಿಸುತ್ತಿದ್ದರು.

ಮಧ್ಯಾಹ್ನ ಬೂತಿಗೆ ಓಡಿ ಬಾಸಿಗೆ ಫೋನು ಮಾಡಿದೆ.

"ಸಾರ್, ಹಾಲು ಭರ್ತಿ ಇದೆ, ಆದರೆ ಖಾಲಿ ಇದೆ."

"ಏನಮ್ಮಾ, ವಿಜಯವಾಡದ ಬಿಸಿಲು ಒಂದೇ ದಿನಕ್ಕೆ ತಲೆಗೇರಿತಾ?"

"ಕುರ್ಚಿಗಳ ಮೇಲೆ ಬರೀ ಕರ್ಚೀಫು ಸಾರ್. ಮನುಷ್ಯರಿಲ್ಲ. ಕೆಂಪು ಚುಕ್ಕೆ ಇಡಲೋ ಬೇಡವೋ?"

"ಇಡಬೇಕಮ್ಮಾ! ಕರ್ಚೀಫು ಹಾಕಿದ ಮೇಲೆ ಅಲ್ಲಿ ಮನುಷ್ಯ ಇದ್ದ ಹಾಗೆಯೇ. ಬಸ್ಸಿನಲ್ಲಿ ನಾನು ಕರ್ಚೀಫು ಹಾಕಿ ಟೀ ಕುಡಿಯಲು ಇಳಿದರೆ, ಆ ಸೀಟು ಖಾಲಿ ಅನ್ನುತ್ತೀಯಾ? ಭೀಮುನಿಪಟ್ಟಣದಲ್ಲಿ ಏನು ಹೇಳಿಕೊಟ್ಟೆ? ಚಪ್ಪಲಿ ಇದ್ದಲ್ಲಿ ಮನುಷ್ಯ."

"ಆವತ್ತು ಚಪ್ಪಲಿ ಸಮುದ್ರದಲ್ಲಿತ್ತು ಸಾರ್, ನೀವು ಕಾರಿನಲ್ಲಿದ್ದಿರಿ" ಎಂದುಬಿಟ್ಟೆ.  "ಚುಕ್ಕೆ ಇಡು" ಎಂದು ಬಾಸು ಫೋನಿಟ್ಟರು.

ಇಟ್ಟೆ. ನನ್ನ ನಕ್ಷೆ ದಡಾರ ಎದ್ದ ಮಗುವಿನ ಹಾಗೆ ಕಾಣುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಈ ಕರ್ಚೀಫುಗಳ ಒಡೆಯರು ಹಾಳಾಗಿ ಎಲ್ಲಿ ಹೋದರು ಎಂದು ಹುಡುಕಿಕೊಂಡು ಹಾಲಿನ ದಪ್ಪ ತೇಗದ ಹಿಂಬಾಗಿಲು ತಳ್ಳಿದೆ. ಕಿವಿಗೆ ಬಡಿದ ಸದ್ದಿಗೆ ಎರಡು ಹೆಜ್ಜೆ ಹಿಂದೆ ಸರಿದೆ. ಆ 'ಸುಮ್ಮನೆ ಬಿದ್ದಿರುವ' ವರಾಂಡದಲ್ಲಿ ಕಾಲೇಜಿಗೆ ಕಾಲೇಜೇ ನಡೆಯುತ್ತಿತ್ತು. ಪುಸ್ತಕ ಎದೆಗೆ ಹಿಡಿದು, ಅರ್ಧ ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ಹೋಗುವವರು ಒಂದು ಸಾಲು, ಬರುವವರು ಒಂದು ಸಾಲು. ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು, ಎಲ್ಲರೂ ಗಟ್ಟಿಯಾಗಿ. ಒಬ್ಬ ಬೆಂಜೀನಿನ ಗುಣಗಳನ್ನು ಹೇಳುತ್ತ ಹೋದರೆ, ಎದುರಿನಿಂದ ಒಬ್ಬಳು ಬ್ಯಾಂಕುಗಳ ಕರ್ತವ್ಯಗಳನ್ನು ಹೇಳುತ್ತ ಬಂದಳು. ಯಾರೂ ಯಾರಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ತುದಿಯಲ್ಲಿ ತಿರುಗುವಾಗ ಎಲ್ಲರೂ ಅದೇ ಒಂದು ಕಂಬವನ್ನು ಅಂಗೈಯಿಂದ ಮುಟ್ಟುತ್ತಿದ್ದರು. ಆ ಕಂಬ ಮುಟ್ಟಿ ಮುಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಒಳಗೆ ಬಾಯಿ ಬಿಟ್ಟರೆ ಗಂಟೆ, ಕುರ್ಚಿಯಲ್ಲಿ ಕೂತರೆ ನಿದ್ದೆ. ಕುರ್ಚಿ ಬೇಕಾದದ್ದು ಯಾವಾಗಲಾದರೂ ಕೂರಬೇಕೆನಿಸಿದರೆ ಇರಲಿ ಎಂಬ ಧೈರ್ಯಕ್ಕೆ. ಗಾಜು ಹಾಕಿ ಮುಚ್ಚಬೇಕೆಂದಿದ್ದದ್ದು ಈ ವರಾಂಡವನ್ನು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ಕಂಬವನ್ನು ನಾನೂ ಒಮ್ಮೆ ಮುಟ್ಟಿ ಬಂದೆ.

ಮಾರನೆಯ ದಿನ ಮಧ್ಯಾಹ್ನ ಮೌಶಿ ನನಗೆ ಊಟ ತಂದಳು. ಹೊರಗಿನ ಊಟ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತೇನೆಂದು ಅವಳಿಗೆ ಭಯ. ವರಾಂಡದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದವಳು ಬಡಿಸುವುದನ್ನೇ ಮರೆತಳು.

"ಇದೇನ ಇದು! ಇಷ್ಟ ಮಂದಿ ಕೂಡೇ ಒದರಲಿಕತ್ತಾರ. ಯಾರದೂ ಯಾರಿಗೂ ಕೇಳಸಂಗಿಲ್ಲಲ್ಲ!"

"ಹೂಂ ಮೌಶಿ, ಭಾಳ ಗದ್ದಲ. ನೀ ಮೊದಲ ಪಲ್ಯ ಹಾಕು."

"ಗದ್ದಲ ಅಲ್ಲ ಹುಚ್ಚಿ. ಭಾಳ ಛಲೋ ಅದ."

ಮೂರನೆಯ ದಿನ ಡಬ್ಬಿಯ ಚೀಲದಲ್ಲಿ ಚರಿತ್ರೆಯ ಪುಸ್ತಕವೂ ಬಂತು. ಅವಳೇ ಮೂಲೆಯಲ್ಲಿ ಕಸೂತಿ ಹಾಕಿದ ಮೆರೂನ್ ಕರ್ಚೀಫಿನಲ್ಲಿ ಅದನ್ನು ಸುತ್ತಿಕೊಂಡಿದ್ದಳು. ಲೈಬ್ರರಿಯನ್ ಬಾಗಿಲಲ್ಲೇ ತಡೆದು, ಯಾರು ಈಕೆ ಎಂದು ಕೇಳಿದರು. ನನಗೆ ಇದ್ದಕ್ಕಿದ್ದಂತೆ ಹುಕಿ ಬಂದು, "ನನ್ನ ಅಸಿಸ್ಟೆಂಟ್ ಸಾರ್. ನಾನು ಒಳಗೆ ನೋಡುತ್ತೇನೆ, ಇವರು ಹೊರಗೆ ನೋಡುತ್ತಾರೆ" ಎಂದೆ. ಮೌಶಿ ನನ್ನ ಕೈಯಿಂದ ಕೆಂಪು ಪೆನ್ಸಿಲು ಕಸಿದುಕೊಂಡು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಆ ಗತ್ತು ನೋಡಿ ಲೈಬ್ರರಿಯನ್ ದಾರಿ ಬಿಟ್ಟರು.

ಮೊದಲು ಗೋಡೆಯ ಪಕ್ಕದಲ್ಲಿ ಪಿಸುಗುಟ್ಟುತ್ತ ನಡೆದಳು. ಎದುರು ಬಂದ ಹುಡುಗ ಅರ್ಥಶಾಸ್ತ್ರವನ್ನು ಅವಳ ಮುಖಕ್ಕೇ ಕೂಗಿ ಹೋದ. ಅವಳು ಸ್ವಲ್ಪ ದನಿ ಏರಿಸಿದಳು. ಇನ್ನೊಂದು ಸುತ್ತಿಗೆ ಇನ್ನಷ್ಟು. ಸಂಜೆಯ ಹೊತ್ತಿಗೆ ಕಂಬ ಮುಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾತವಾಹನರ ವ್ಯಾಪಾರವನ್ನು ತೆಲುಗಿನಲ್ಲಿ ಶುರು ಮಾಡಿ, ಮಧ್ಯೆ ಧಾರವಾಡದಲ್ಲಿ ಇಳಿದು, ಮತ್ತೆ ತೆಲುಗಿಗೆ ಹತ್ತಿ, ಗಂಟಲು ಬಿಚ್ಚಿ ಹೇಳುತ್ತಿದ್ದಳು. ಅತ್ತೆ ಇಲ್ಲ, ಪಕ್ಕದ ಮನೆಯವರಿಲ್ಲ. ಅವಳ ಎರಡೂ ಕಡೆ ನಡೆಯುತ್ತಿದ್ದವರಿಗೆ ತಮ್ಮ ತಮ್ಮ ಪಾಠದ ಹೊರತು ಏನೂ ಕೇಳುತ್ತಿರಲಿಲ್ಲ. ಮನೆಗೆ ಹೋಗುವಾಗ ಕಾಲುವೆಯ ಸೇತುವೆಯ ಮೇಲೆ ರಿಕ್ಷಾದಲ್ಲಿ ಕೂತು ಅವಳು ಇಡೀ ಪಾಠ ನನಗೆ ಒಪ್ಪಿಸಿದಳು. ಒಂದು ಸಾಲೂ ತಪ್ಪಲಿಲ್ಲ. ರಿಕ್ಷಾದವನೇ "ಶಭಾಷ್ ಅಮ್ಮಾ" ಎಂದ.

"ಮೌಶಿ, ನೀನೂ ಒಂದು ಕರ್ಚೀಫ್ ಹಾಕಿ ಕುರ್ಚಿ ಹಿಡೀಬಾರದೇನ?" ಎಂದು ಕೆಣಕಿದೆ.

"ನಾ ಯಾಕ ಹಿಡೀಲಿ? ಕೂಡೂದು ನನಗ ಮನ್ಯಾಗ ಇದ್ದೇ ಅದಲ್ಲ."

ಆದರೆ ವಾರ ಮುಗಿಯುತ್ತ ಬಂದಿತ್ತು. ಕೊನೆಯ ದಿನ ಬಾಸು ಬರುವವರಿದ್ದರು. ಕೆಂಪು ಚುಕ್ಕೆಯ ನಕ್ಷೆ ಹಿಡಿದು ಕರೆಸ್ಪಾಂಡೆಂಟರಿಗೆ ಭರ್ತಿಯಾದ ಹಾಲನ್ನು ತೋರಿಸಿದರೆ, ಆವತ್ತೇ ಗಾಜಿನ ಮಾತು ಮುಗಿಯುತ್ತಿತ್ತು. ಹಿಂದಿನ ಸಂಜೆ ಮೂಟೆಗಳ ನಡುವೆ ಕೂತು ಮೌಶಿಗೆ ಇದನ್ನು ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ಪರೀಕ್ಷಾಕ್ಕ ಇನ್ನೂ ಎರಡ ತಿಂಗಳ ಅದ. ಅಷ್ಟರಾಗ ಮುಚ್ಚತಾರೇನ?"

"ಒಪ್ಪಿದ್ರ ಮುಂದಿನ ವಾರನ ಕೆಲಸ ಸುರು ಮೌಶಿ."

"ನೀ ಹೇಳಬಾರದೇನ ಅವರಿಗೆ?"

"ಫೋನಿನ್ಯಾಗ ಹೇಳೇ ಹೇಳೀನಿ. ಕರ್ಚೀಫ್ ಅಂದ್ರ ಮನಶ್ಯಾನ ಅಂತಾರ. ನಾ ಬಚ್ಚಲಮನಿ ಬರಿಯೂವಾಕಿ, ನನ್ನ ಮಾತು ಯಾರು ಕೇಳತಾರ?"

ಅವಳು ಸೊಪ್ಪು ಸೋಸಿ ಮುಗಿಸಿ, ಪುಸ್ತಕ ತೆಗೆದು ಬಾಯಿ ಮುಚ್ಚಿಕೊಂಡು ಓದತೊಡಗಿದಳು. ನನಗೆ ಅಳು ಬರುವ ಹಾಗಾಯಿತು. ಒಣಮೆಣಸಿನಕಾಯಿಯ ಘಾಟು ಎಂದು ಹೇಳಿಕೊಂಡೆ.

ಮರುದಿನ ಬಾಸನ್ನು ಕರೆತರಲು ಸ್ಟೇಷನ್ನಿಗೆ ಹೋದೆ. ರೈಲು ತಡವಾಯಿತು. ಬಂದವರು ಮೊದಲು ಇಡ್ಲಿ ತಿನ್ನದೆ ಎಲ್ಲಿಗೂ ಬರುವುದಿಲ್ಲ ಎಂದರು. ಇಡ್ಲಿಯಾದ ಮೇಲೆ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ. ನಾವು ಕಾಲೇಜು ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬಿಳಿ ಷರಟು, ಬಿಳಿ ಪ್ಯಾಂಟಿನ ಕರೆಸ್ಪಾಂಡೆಂಟರು ಬಾಗಿಲಲ್ಲೇ ಕಾಯುತ್ತಿದ್ದರು. "ನೀವೇ ನೋಡಿ, ಕಾಲಿಡಲು ಜಾಗವಿಲ್ಲ" ಎನ್ನುತ್ತ ಹಾಲಿನ ಬಾಗಿಲು ತಳ್ಳಿದರು.

ಹಾಲು ಖಾಲಿ. ಸಾಲು ಸಾಲು ಬರಿ ಕುರ್ಚಿಗಳು. ಮೆಟ್ಟಿಲ ಮೇಲೆ ಕೂರುತ್ತಿದ್ದ ಫಸ್ಟ್ ಇಯರಿನ ಹುಡುಗ, ಅವನಂಥ ಇನ್ನು ಕೆಲವರು, ಫ್ಯಾನಿನ ಕೆಳಗೆ ಕಾಲು ಚಾಚಿಕೊಂಡು ನೆಮ್ಮದಿಯಾಗಿ ಓದುತ್ತಿದ್ದರು. ಒಂದೇ ಒಂದು ಕರ್ಚೀಫಿಲ್ಲ. ಲೈಬ್ರರಿಯನ್ ಗಂಟೆಯನ್ನು ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು.

"ಜನ ಎಲ್ಲಿ?" ಎಂದರು ಕರೆಸ್ಪಾಂಡೆಂಟರು.

ಬಾಸು ನನ್ನ ಕಡೆ ತಿರುಗಿದರು.  ಒಂದು ವಾರದ ನನ್ನ ಕೆಂಪು ಚುಕ್ಕೆಗಳೆಲ್ಲ ಮಾಯ. ಮತ್ತೆ ಕಕ್ಕಸೇ ಗತಿ, ಅದೂ ಕೊಟ್ಟರೆ, ಅಂದುಕೊಂಡೆ. ಲೈಬ್ರರಿಯನ್ ಗಂಟೆಯಿಂದಲೇ ಹಿಂಬಾಗಿಲನ್ನು ತೋರಿಸಿ, "ನಿಮ್ಮ ಅಸಿಸ್ಟೆಂಟ್ ಮೇಡಂ" ಎಂದಷ್ಟೇ ಹೇಳಿದರು.

ನಾನು ಮೊದಲು ಓಡಿದೆ. ವರಾಂಡದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿತ್ತು. ಅದರ ಮೇಲೆ ಕಾಲೇಜಿನ ಕರ್ಚೀಫುಗಳೆಲ್ಲ ಒಗೆಸಿಕೊಂಡು, ಹಿಂಡಿಸಿಕೊಂಡು, ಸಾಲಾಗಿ ಗಾಳಿಗೆ ಹಾರುತ್ತಿದ್ದವು. ಗಿಡಗಳಿಗೆ ನೀರು ಬಿಡುವ ನಲ್ಲಿಯ ಕೆಳಗೆ ಇನ್ನೂ ಸೋಪಿನ ನೊರೆ ಇತ್ತು, ಪೆನ್ನು ಬಾಚಣಿಗೆಗಳು ಕಟ್ಟೆಯ ಮೇಲೆ ಗುಡ್ಡೆ ಬಿದ್ದಿದ್ದವು. ಹಗ್ಗದ ಕೆಳಗೆ ಎಂದಿನಂತೆ ಕಾಲೇಜಿಗೆ ಕಾಲೇಜೇ ನಡೆಯುತ್ತಿತ್ತು, ಕೂಗುತ್ತಿತ್ತು. ನಡುವೆ ನಡುವೆ ಒಬ್ಬೊಬ್ಬರು ತಲೆಯೆತ್ತಿ, ಬಿಳಿ ಕರ್ಚೀಫುಗಳಲ್ಲಿ ತಮ್ಮದು ಯಾವುದೆಂದು ತಿಳಿಯದೆ, ಸಿಕ್ಕಿದ್ದನ್ನು ಎಳೆದುಕೊಳ್ಳುತ್ತಿದ್ದರು.

"ಇದು ಲೈಬ್ರರಿಯೋ ದೋಬಿ ಘಾಟೋ?" ಎಂದು ಕರೆಸ್ಪಾಂಡೆಂಟರು ನನ್ನ ಹಿಂದೆ ಗುಡುಗಿದರು.

ಅವರ ದನಿ ಕೇಳಿದ್ದೇ ತಡ, ನಡಿಗೆ ನಿಂತಿತು, ಬಾಯಿಗಳು ಮುಚ್ಚಿದವು. ವರಾಂಡ ಈ ತುದಿಯಿಂದ ಆ ತುದಿಯವರೆಗೆ ತಣ್ಣಗಾಯಿತು. ಒಬ್ಬಳ ಹೊರತು. ದೂರದ ಕಂಬದ ಹತ್ತಿರ, ನಮಗೆ ಬೆನ್ನು ಹಾಕಿ, ಪುಸ್ತಕದಲ್ಲಿ ಮುಳುಗಿಹೋಗಿದ್ದ ಮೌಶಿಗೆ ಏನೂ ಗೊತ್ತಾಗಲಿಲ್ಲ. ಆ ನಿಶ್ಶಬ್ದದಲ್ಲಿ ಅವಳ ದನಿಯೊಂದೇ ಗೋಡೆಗೆ ಬಡಿದು ಮರಳುತ್ತಿತ್ತು: ಶಾತವಾಹನರ ಬಂದರುಗಳು, ಹಡಗುಗಳು, ಅರ್ಧ ತೆಲುಗು, ಅರ್ಧ ಧಾರವಾಡ, ಪೂರ್ತಿ ಗಂಟಲು. ಎಲ್ಲರೂ ಕೇಳುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಮೌಶಿ ಕಂಬ ಮುಟ್ಟಿ ತಿರುಗಿದಳು. ನಮ್ಮನ್ನೆಲ್ಲ ನೋಡಿದಳು. ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು. ಅವಳ ಮುಖ ಕೆಂಪೇರಿದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ನಾನು ಆ ನಕ್ಕವರನ್ನು ಹುಡುಕಿ ಹೊಡೆಯಬೇಕೆಂದು ಮುಷ್ಟಿ ಬಿಗಿದೆ.

ಆಗ ಅವಳ ಪಕ್ಕದಲ್ಲಿದ್ದ ಹುಡುಗಿ, ಟಿಫಿನ್ ಬಾಕ್ಸಿನ ಮುಚ್ಚಳದಿಂದ ಸೀಟು ಹಿಡಿಯುತ್ತಿದ್ದಳಲ್ಲ ಅವಳೇ, ಕರೆಸ್ಪಾಂಡೆಂಟರ ಕಡೆ ನೋಡದೆ, ಬ್ಯಾಂಕುಗಳ ಕರ್ತವ್ಯಗಳನ್ನು ಇದ್ದಷ್ಟು ದನಿಯಲ್ಲಿ ಶುರು ಮಾಡಿ ನಡೆದಳು. ಅವಳ ಹಿಂದೆ ಬೆಂಜೀನಿನ ಹುಡುಗ. ಅವನ ಹಿಂದೆ ಅರ್ಥಶಾಸ್ತ್ರ. ಒಬ್ಬೊಬ್ಬರಾಗಿ, ಆಮೇಲೆ ಎಲ್ಲರೂ ಒಟ್ಟಿಗೆ. ವರಾಂಡ ಮತ್ತೆ ಮೊರೆಯತೊಡಗಿತು. ಮೌಶಿ ಪುಸ್ತಕವನ್ನು ಮತ್ತೆ ಮುಖದ ಹತ್ತಿರ ಹಿಡಿದಳು. ಆಮೇಲೆ ಅವಳ ತುಟಿಗಳು ಅಲುಗಿದವು, ಕಾಲುಗಳು ಹೊರಟವು. ಅವಳು ಏನು ಹೇಳುತ್ತಿದ್ದಾಳೆಂದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಕರೆಸ್ಪಾಂಡೆಂಟರು ಕರ್ಚೀಫುಗಳ ಕೆಳಗೆ ನಿಂತು ನೋಡಿದರು. ಒಂದು ಒದ್ದೆ ಕರ್ಚೀಫು ಅವರ ಬೋಳು ತಲೆಯನ್ನು ಸವರಿಕೊಂಡು ಹೋಗುತ್ತಿತ್ತು. ಅವರು ಅದನ್ನು ಸರಿಸಲೂ ಇಲ್ಲ. ಕೊನೆಗೆ ಬಾಸಿನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೇಳಿದರು: "ಇಲ್ಲಿಗೆ ಗಾಜು ಹಾಕಿದರೆ ಇವರೆಲ್ಲ ಎಲ್ಲಿ ಓದುತ್ತಾರೆ?"

ಬಾಸು ನನ್ನ ಕೆಂಪು ಚುಕ್ಕೆಯ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. "ಅದನ್ನು ನಮ್ಮ ಹುಡುಗಿಯನ್ನು ಕೇಳಿ. ನನಗೆ ಚಪ್ಪಲಿಯ ವಿಷಯ ಮಾತ್ರ ಗೊತ್ತು" ಎಂದು ಕೂಗಿದರು.

ನಾನು ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಎರಡೂ ಕೈ ಆಡಿಸುತ್ತ, ಇಡೀ ವರಾಂಡ ಓಡಾಡುತ್ತ, ಅವರನ್ನು ಎಳೆದುಕೊಂಡು ಹೋಗಿ ಆ ಕಂಬವನ್ನು ಮುಟ್ಟಿಸಿದೆ ಎಂದು ಬಾಸು ಆಮೇಲೆ ಆಫೀಸಿನಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದರು. ಹೊರಡುವ ಮುಂಚೆ ಕರೆಸ್ಪಾಂಡೆಂಟರು ಮೌಶಿಯನ್ನು ಕರೆಸಿ, ಯಾವ ಲೆಕ್ಕದಲ್ಲಿ ಬರುತ್ತಿದ್ದೀರಿ ಎಂದು ಕೇಳಿದರು. ಮೌಶಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಅವರಿಗೆ ತೋರಿಸಿ, ತನ್ನ ತೆಲುಗಿನಲ್ಲೇ, "ನಾನು ನೋಡುವ ಕೆಲಸದವಳು ಸಾರ್. ಕೆಲಸ ಇನ್ನೂ ಮುಗಿದಿಲ್ಲ. ಪರೀಕ್ಷೆಯವರೆಗೆ ಇದೆ" ಎಂದಳು. ಅವರು ನಕ್ಕುಬಿಟ್ಟರು. ಬೇಕಾದಷ್ಟು ದಿನ ನೋಡಿ, ಆದರೆ ಬಟ್ಟೆ ಒಗೆಯಬೇಡಿ ಎಂದರು.

ಬೇಕೆಂದೇ ಒಗೆದೆಯಾ ಎಂದು ಆ ರಾತ್ರಿ ಊಟದ ಹೊತ್ತಿಗೆ ಕೇಳಿದೆ. "ಇಶ್ಶಿ, ಏನ ಹೊಲಸವಾ ಅವು! ನೋಡಲಿಕ್ಕಾಗಲಿಲ್ಲ, ಒಗದೆ" ಎಂದಳು. ಹಾಗೆ ಹೇಳುವಾಗ ಸಾರಿನ ಪಾತ್ರೆಯ ಕಡೆ ತಿರುಗಿಕೊಂಡಿದ್ದಳು. ಇವತ್ತಿಗೂ ಅದಕ್ಕಿಂತ ಹೆಚ್ಚು ಹೇಳಿಲ್ಲ.

ಹೊಸ ಡ್ರಾಯಿಂಗನ್ನು ಪೂರ್ತಿ ನಾನೇ ಬರೆದೆ. ಹಾಲನ್ನು ಹಿಗ್ಗಿಸಲಿಲ್ಲ. ವರಾಂಡವನ್ನು ಅಗಲ ಮಾಡಿ ಕಟ್ಟಡದ ಸುತ್ತಲೂ ಒಯ್ದೆ, ತಿರುಗಿ ಬರಬೇಕಾಗಿಲ್ಲದೆ ನಡೆಯುತ್ತಲೇ ಇರಬಹುದು. ಬ್ಯಾಗಿಗೆ, ಕರ್ಚೀಫಿಗೆ ಗೋಡೆಯುದ್ದಕ್ಕೂ ಗೂಟಗಳು. ಮರೆತರೆ ಇಣುಕಿ ನೋಡಲು ಪುಸ್ತಕ ಬಿಚ್ಚಿಡುವ ಎತ್ತರಕ್ಕೆ ಕಟ್ಟೆ. ಆ ಹಳೆಯ ಕಂಬವನ್ನು ಮುಟ್ಟಲಿಲ್ಲ. ಕಕ್ಕಸನ್ನೂ ನಾನೇ ಬರೆದೆ, ಅಷ್ಟು ಚೆಂದದ ಕಕ್ಕಸು ಆ ಊರಿನಲ್ಲಿ ಇನ್ನೊಂದಿಲ್ಲ.

ಕೆಲಸ ನಡೆಯುತ್ತಿದ್ದಾಗಲೇ ಒಂದು ಬೆಳಗ್ಗೆ ಆಫೀಸಿಗೆ ಫೋನು ಬಂತು. ಬಾಸು ಎತ್ತಿ, ರಿಸೀವರನ್ನು ಕಿವಿಯಿಂದ ದೂರ ಹಿಡಿದು, ನನಗೆ ಕೊಟ್ಟರು. ಆ ಕಡೆಯಿಂದ ಮೌಶಿ "ಪಾಸ್! ಪಾಸ್! ಪಾಸ್!" ಎಂದು ಕೂಗುತ್ತಿದ್ದಳು. ಅವಳ ಹಿಂದೆ ಅತ್ತೆಯ ದನಿಯೂ ಕೇಳಿತು, ಪಕ್ಕದ ಮನೆಯವರನ್ನು ಕರೆದು ಹೇಳುತ್ತಿದ್ದರು. ನಾನು ಮೆಟ್ಟಿಲಿಳಿದು ಓಡಿ, ಕೋಚಿಂಗ್ ಸೆಂಟರಿನ ಹುಡುಗರಿಗೆಲ್ಲ ಚಾಕಲೇಟು ಹಂಚಿದೆ. ಯಾಕೆ ಎಂದು ಅವರು ಕೇಳಲಿಲ್ಲ.

ಕಟ್ಟಡದ ಉದ್ಘಾಟನೆಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋದೆ. ಬೆಳಗಿನಿಂದ ನಿಂತು ನಿಂತು, ಕೈ ಮುಗಿದು ಮುಗಿದು, ಭಾಷಣಗಳೆಲ್ಲ ಮುಗಿಯುವ ಹೊತ್ತಿಗೆ ನನ್ನ ಕಾಲು ಸೋತಿದ್ದವು. ಸ್ವಲ್ಪ ಕೂರೋಣವೆಂದು ಹಾಲಿನೊಳಗೆ ಹೋದೆ. ಅತಿಥಿಗಳು, ಅತಿಥಿಗಳ ಮಕ್ಕಳು ಕೂತು ಕುರ್ಚಿಗಳೆಲ್ಲ ಭರ್ತಿಯಾಗಿದ್ದವು. ಕಿಟಕಿಯ ಪಕ್ಕದ ಒಂದು ಕುರ್ಚಿ ಮಾತ್ರ ಖಾಲಿ. ಅದರ ಮೇಲೆ ಮೂಲೆಯಲ್ಲಿ ಕಸೂತಿ ಹಾಕಿದ ಮೆರೂನ್ ಕರ್ಚೀಫಿತ್ತು.

ಹಿಂಬಾಗಿಲಿಗೆ ಓಡಿದೆ. ಭಾಷಣ ಮುಗಿದದ್ದೇ ಹುಡುಗರು ವರಾಂಡಕ್ಕೆ ನುಗ್ಗಿದ್ದರು. ಅವರ ನಡುವೆ ಮೌಶಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಎಂ.ಎ. ಪುಸ್ತಕ ಹಿಡಿದು ಬರುತ್ತಿದ್ದಳು. ಕರೆಸ್ಪಾಂಡೆಂಟರು ಅವಳಿಗೆ ಇನ್ನೂ ನೋಡುವ ಕೆಲಸ ಕೊಟ್ಟೇ ಇದ್ದರು.

"ಮೌಶಿ, ಕರ್ಚೀಫ್ ನಿಂದೇನ? ನೀ ಕೂಡಾಕಿ ಅಲ್ಲಲ್ಲ?"

"ನನಗಲ್ಲವಾ. ನಿನಗ ಹಿಡದೀನಿ. ಮುಂಜಾನಿಂದ ನಿಂತೇ ಇದ್ದಿ, ಹೋಗಿ ಕೂಡು. ನಾ ಒಂದ ಸುತ್ತ ಹಾಕಿ ಬರ್ತೀನಿ."

ಹೋಗಿ ಕೂತೆ. ಕರ್ಚೀಫನ್ನು ಮಡಿಲಲ್ಲಿಟ್ಟುಕೊಂಡೆ. ಕಿಟಕಿಯ ಆಚೆ ವರಾಂಡ ಮೊರೆಯುತ್ತಿತ್ತು. ನೂರು ಪಾಠ, ನೂರು ದನಿ. ಅದರಲ್ಲಿ ನನ್ನ ಮೌಶಿಯ ದನಿ ಯಾವುದೆಂದು ಕಿವಿಗೊಟ್ಟು ಹುಡುಕಿದೆ. ಎಷ್ಟು ಹೊತ್ತು ಹುಡುಕಿದರೂ ಗೊತ್ತಾಗಲಿಲ್ಲ.